ಹಿಟ್ಟಿನ ಡಬ್ಬಿಯ ಚಿಟ್ಟೆಗೆ ವಿಷದ ಮಾತ್ರೆ ಬೇಡ

ಕಳೆದ ಶಾಬಾನ್ ತಿಂಗಳಲ್ಲಿ ಅರವತ್ತು ದಾಟಿದ ತಾಯಿಯೊಬ್ಬರು ನನ್ನ ದವಾಖಾನೆಗೆ ಬಂದಿದ್ದರು. ಮಂಡಿನೋವಿಗೆ ಔಷಧಿ ಪಡೆದ ಮೇಲೆ ಚೀಲದಿಂದ ಮುಚ್ಚಳ ಬಿಗಿದ ಸಣ್ಣ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ಹಕೀಮ್ ಸಾಬ್, ರಮಝಾನಿಗೆಂದು ತಂದಿಟ್ಟ ಗೋಧಿ, ರವೆಯಲ್ಲೆಲ್ಲ ಚಿಟ್ಟೆ ಹಾರುತ್ತಿವೆ. ಅಂಗಡಿಯವನು ಈ ಮಾತ್ರೆ ಕೊಟ್ಟ. ಒಂದು ಮೂಟೆಗೆ ಎಷ್ಟು ಹಾಕಬೇಕು?” ಎಂದು ಕೇಳಿದರು. ಮೂಟೆ ಎಲ್ಲಿದೆ ಎಂದೆ. ಮೊಮ್ಮಕ್ಕಳು ಮಲಗುವ ಕೋಣೆಯಲ್ಲಿ, ಮಂಚದ ಕೆಳಗೆ ಎಂದರು. “ಖಾಲಾ, ಇದರ ಮುಚ್ಚಳ ತೆಗೆಯಲೇಬೇಡಿ. ಈಗಲೇ ಅಂಗಡಿಗೆ ಹಿಂತಿರುಗಿಸಿ” ಎಂದೆ.

ಆ ಮಾತ್ರೆ ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಎಂಬ ವಿಷಾನಿಲ ಹೊರಡುತ್ತದೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ ಸುಮಾರು 1 ಗ್ರಾಂ ಅನಿಲ. ಇದು ದೊಡ್ಡ ಗೋದಾಮುಗಳಲ್ಲಿ ತರಬೇತಿ ಪಡೆದವರು ಬಳಸುವ ವಸ್ತು. ಸಾರ್ವಜನಿಕರಿಗೆ ಮಾರಲು ಕಾನೂನಿನಲ್ಲಿ ಅವಕಾಶವಿಲ್ಲ. ಆದರೂ ಕಿರಾಣಿ ಅಂಗಡಿಗಳಲ್ಲಿ ಸಿಗುತ್ತದೆ. ಮುಚ್ಚಿದ ಕೋಣೆಯಲ್ಲಿ ಮಲಗಿದ ಮಕ್ಕಳು ರಾತ್ರಿಯಿಡೀ ಈ ಅನಿಲ ಉಸಿರಾಡಿದರೆ ಬೆಳಗಾಗುವಷ್ಟರಲ್ಲಿ ಪ್ರಾಣವೇ ಹೋಗಬಹುದು. ಇದಕ್ಕೆ ಪ್ರತಿವಿಷವಿಲ್ಲ, ಯೂನಾನಿಯಲ್ಲೂ ಇಲ್ಲ, ಅಲೋಪತಿಯಲ್ಲೂ ಇಲ್ಲ.

ಈಗಾಗಲೇ ಇಟ್ಟಿದ್ದರೆ ಕಿಟಕಿ ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಮಾತ್ರೆಯನ್ನು ಕೈಯಿಂದ ಮುಟ್ಟಬೇಡಿ, ಅದರ ಮೇಲೆ ನೀರು ಸುರಿಯಬೇಡಿ. ಪರವಾನಗಿ ಇರುವ ಕೀಟನಿಯಂತ್ರಣದವರನ್ನು ಕರೆಸಿ. ಯಾರಿಗಾದರೂ ವಾಂತಿ, ತಲೆನೋವು, ಎದೆ ಬಿಗಿತ, ಉಸಿರಾಟದ ತೊಂದರೆ ಕಂಡರೆ ನನ್ನಂಥ ಹಕೀಮರ ಬಳಿಗೆ ಬಂದು ಹೊತ್ತು ಕಳೆಯದೆ ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿ.

ಇಷ್ಟು ದೊಡ್ಡ ವಿಷ ಹಾಕುವಷ್ಟು ಈ ಚಿಟ್ಟೆ ಅಪಾಯಕಾರಿಯೇ? ಖಂಡಿತ ಅಲ್ಲ. ಅದು ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಹಾರುವ ಚಿಟ್ಟೆ ನಮ್ಮ ಧಾನ್ಯವನ್ನು ತಿನ್ನುವುದೂ ಇಲ್ಲ. ತಿನ್ನುವುದು ಅದರ ಮರಿಹುಳು. ಒಂದು ಹೆಣ್ಣು ನೂರಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಹುಳು ಎಳೆ ನೂತು ರವೆ, ಅಕ್ಕಿ, ಶ್ಯಾವಿಗೆಯನ್ನು ಗಂಟು ಗಂಟಾಗಿ ಬಲೆ ಕಟ್ಟುತ್ತದೆ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಚಿಟ್ಟೆಯಾಗಲು ಒಂದರಿಂದ ಒಂದೂವರೆ ತಿಂಗಳು ಸಾಕು. ಆದ್ದರಿಂದ ಕಣ್ಣಿಗೆ ಕಂಡ ಚಿಟ್ಟೆಯನ್ನು ಹೊಡೆದರೆ ಕೆಲಸ ಮುಗಿಯುವುದಿಲ್ಲ; ಮೂಲ ಡಬ್ಬಿಯನ್ನು ಹುಡುಕಬೇಕು.

ಮೊದಲು ಎಲ್ಲ ಡಬ್ಬಿ, ಪೊಟ್ಟಣಗಳನ್ನೂ ಹೊರಗೆ ತೆಗೆಯಿರಿ. ಬಾದಾಮಿ, ಗೋಡಂಬಿ, ಒಣದ್ರಾಕ್ಷಿ, ಮಸಾಲೆ, ಹಕ್ಕಿಯ ಕಾಳು ಯಾವುದನ್ನೂ ಬಿಡಬೇಡಿ. ಬಲೆ ಕಟ್ಟಿದ, ಮುಗ್ಗಲು ವಾಸನೆ ಬಂದ ಪದಾರ್ಥವನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅಂದೇ ಮನೆಯಿಂದಾಚೆ ಹಾಕಿ. ಚೆನ್ನಾಗಿ ಕಾಣುವ ಹಿಟ್ಟು, ರವೆ, ಒಣಹಣ್ಣನ್ನು ಬಿಗಿಯಾಗಿ ಮುಚ್ಚಿ ಒಂದು ವಾರ ಫ್ರೀಜರಿನಲ್ಲಿಡಿ, ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ತಣುಪು ಪೂರ್ತಿ ಇಳಿದ ನಂತರವೇ ಮುಚ್ಚಳ ತೆರೆಯಿರಿ, ಇಲ್ಲದಿದ್ದರೆ ತೇವ ಸೇರುತ್ತದೆ. ಗೋಧಿ, ಜೋಳ, ಬೇಳೆಗಳನ್ನು ಮೊರದಲ್ಲಿ ಕೇರಿ, ಕಡು ಬಿಸಿಲಿನಲ್ಲಿ ತೆಳ್ಳಗೆ ಹರಡಿ ಒಣಗಿಸಿ, ಆರಿದ ಮೇಲೆ ತುಂಬಿ.

ಕಪಾಟನ್ನು ಸಾಬೂನು ನೀರಿನಿಂದ ಒರೆಸಿ ಪೂರ್ತಿ ಒಣಗಲು ಬಿಡಿ. ಸಂದುಗಳಲ್ಲಿ, ಡಬ್ಬಿಯ ಮುಚ್ಚಳದ ಅಂಚಿನಲ್ಲಿ, ಗೋಡೆ ಚಾವಣಿ ಸೇರುವ ಮೂಲೆಯಲ್ಲಿ ಹುಳು ಗೂಡು ಕಟ್ಟಿರುತ್ತದೆ. ಪ್ಲಾಸ್ಟಿಕ್ ಪೊಟ್ಟಣವನ್ನು ಅದು ಕೊರೆದು ಒಳಹೋಗಬಲ್ಲದು. ಗಾಜಿನ ಅಥವಾ ಸ್ಟೀಲಿನ ಬಿಗಿ ಮುಚ್ಚಳದ ಡಬ್ಬಿಯೇ ಸರಿ. ಹಳೆಯದು ಖಾಲಿಯಾಗದೆ ಅದರ ಮೇಲೆ ಹೊಸದನ್ನು ಸುರಿಯಬೇಡಿ. ಮುಂದಿನ ಎರಡು ತಿಂಗಳು ವಾರಕ್ಕೊಮ್ಮೆ ನೋಡುತ್ತಿರಿ.

“ಬೇವಿನ ಎಲೆ, ಲವಂಗ ಹಾಕಿದರೆ ಸಾಲದೇ?” ಎಂದು ನನ್ನನ್ನು ಕೇಳುವವರು ಬಹಳ. ಗಿಡಮೂಲಿಕೆಯನ್ನೇ ನಂಬಿ ಬದುಕುವವನು ನಾನು. ಆದರೂ ನಿಜ ಹೇಳಬೇಕು. ನನ್ನ ದವಾಖಾನೆಯ ಉನ್ನಾಬ್ ಜಾಡಿಗೇ ಒಮ್ಮೆ ಹುಳು ಬಿದ್ದಿತ್ತು, ಬೇವಿನ ಎಲೆ ಜೊತೆಯಲ್ಲೇ ಇತ್ತು. ವಾಸನೆಯಿಂದ ಚಿಟ್ಟೆ ಸ್ವಲ್ಪ ದೂರ ಇರಬಹುದು, ಒಳಗಿನ ಮೊಟ್ಟೆ ಸಾಯುವುದಿಲ್ಲ. ನುಸಿಗುಳಿಗೆಯನ್ನಂತೂ ಆಹಾರದ ಹತ್ತಿರ ಇಡಲೇಬೇಡಿ. ಜಿ6ಪಿಡಿ ಕೊರತೆ ಇರುವ ಶಿಶುಗಳಲ್ಲಿ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೋರಿಕ್ ಪುಡಿ ಬೆರೆಸುವ ರೂಢಿಯೂ ಒಳ್ಳೆಯದಲ್ಲ.

ಯೂನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅನಿವಾರ್ಯವಾದ ಆರು ಸಂಗತಿಗಳನ್ನು, ಅಸ್ಬಾಬೆ ಸಿತ್ತಾ ಝರೂರಿಯಾವನ್ನು, ಎಣಿಸುವಾಗ ಗಾಳಿ ಮತ್ತು ಅನ್ನಪಾನ ಎರಡೂ ಬರುತ್ತವೆ. ಆ ಮಾತ್ರೆ ಎರಡನ್ನೂ ಒಟ್ಟಿಗೆ ಕೆಡಿಸುತ್ತದೆ.

ಕೊನೆಯದಾಗಿ, ನನಗೆ ಸರಿಯೆನಿಸಿದ ಒಂದು ಮಾತು. ಚಿಟ್ಟೆ ಬರುವುದು ಹೆಚ್ಚಾಗಿ ನಮ್ಮ ಸಂಗ್ರಹದ ಆಸೆಯಿಂದ. ರಮಝಾನಿಗೆ ಎರಡು ತಿಂಗಳು ಮೊದಲೇ ಐದು ಕಿಲೋ ರವೆ, ಮೂರು ಕಿಲೋ ಶ್ಯಾವಿಗೆ ಯಾಕೆ? ಈದ್ ಮುಗಿದ ಮೇಲೆ ಉಳಿದದ್ದು ಹುಳುವಿನ ಪಾಲಾಗಿ ತಿಪ್ಪೆ ಸೇರಿದರೆ ಅದು ಇಸ್ರಾಫ್ ಅಲ್ಲದೆ ಇನ್ನೇನು? ಹದಿನೈದು ದಿನಕ್ಕಾಗುವಷ್ಟು ತನ್ನಿ. ಹೆಚ್ಚಿದ್ದರೆ ಚೆನ್ನಾಗಿರುವಾಗಲೇ ನೆರೆಮನೆಗೆ ಕೊಡಿ.

ಆ ತಾಯಿ ಮತ್ತೆ ಬಂದಾಗ ಮಾತ್ರೆ ಹಿಂತಿರುಗಿಸಿದೆ ಎಂದರು. ಗೋಧಿಯನ್ನು ಮಾಳಿಗೆಯಲ್ಲಿ ಎರಡು ದಿನ ಒಣಗಿಸಿದರಂತೆ. ಕೇರುವ ಕೆಲಸಕ್ಕೆ ಮೊಮ್ಮಕ್ಕಳೂ ಕೂತಿದ್ದರಂತೆ.