ಮಾಲು ಠಾಣೆಗೆ ಹೋಯ್ತು, ಮಳಿಗೆ ತೊಳೆಯೋರು ಯಾರು?

ಪೊಲೀಸರು ಬಂದರು, ಮಹಜರು ಬರೆದರು, ಮಾಲು ಹೊತ್ತುಕೊಂಡು ಹೋದರು. ಪೇಪರಿನಲ್ಲಿ ಫೋಟೋನೂ ಬಂತು. ಆಮೇಲೆ ಆ ಕಟ್ಟಡದ ಗತಿ ಏನು ಸ್ವಾಮಿ? ಕೇಳುವವರೇ ಇಲ್ಲ.

2025ರ ಜುಲೈನಲ್ಲಿ ಮುಂಬೈನ ಸಾಕಿನಾಕಾ ಪೊಲೀಸರು ನಮ್ಮ ಮೈಸೂರಿನ ರಿಂಗ್ ರಸ್ತೆ ಬಳಿಯ ಶೆಡ್ಡೊಂದಕ್ಕೆ ನುಗ್ಗಿದರು. ಅಲ್ಲಿ ಮೆಫೆಡ್ರೋನ್ ಎಂಬ ಮಾದಕ ಪದಾರ್ಥ ತಯಾರಾಗುತ್ತಿತ್ತು, 180 ಕಿಲೋಗೂ ಮೇಲೆ ಸಿಕ್ಕಿತು ಎಂದರು. ಊರಿಗೆ ಊರೇ ಬೆಚ್ಚಿತು. ಮಾಲಿನ ಬೆಲೆ ಎಷ್ಟು ಕೋಟಿ ಎಂಬ ಚರ್ಚೆ ಬಸ್‌ಸ್ಟ್ಯಾಂಡಿನಲ್ಲೂ ನಡೆಯಿತು. ಇಂಥ ಜಾಗ ಶುಚಿ ಮಾಡುವ ಮಾತು ಮಾತ್ರ ಬರಲಿಲ್ಲ.

ಇಂಥ ಮಾಲು ಕುದಿಸಲು ಆಸಿಡ್ಡು, ಥಿನ್ನರ್ ಜಾತಿಯ ರಾಸಾಯನಿಕಗಳು ಬೇಕು. ಅವುಗಳ ಆವಿ ಗೋಡೆ, ಸೂರು, ಮರಮುಟ್ಟಿಗೆ ಅಂಟುತ್ತದೆ. ಉಳಿದ ಕಶ್ಮಲವನ್ನು ಬಚ್ಚಲಿಗೋ ಮೋರಿಗೋ ಸುರಿಯುತ್ತಾರೆ. ಮಾಲೀಕ ಸುಣ್ಣ ಬಳಿಸಿ 'ಬಾಡಿಗೆಗೆ ಇದೆ' ಬೋರ್ಡು ಹಾಕಿದರೆ ಕಲೆ ಮುಚ್ಚೀತು, ವಿಷ ಹೋಗದು. ಅಡ್ವಾನ್ಸ್ ಕೊಟ್ಟು ಒಳಗೆ ಬಂದ ಬಡಪಾಯಿಗೆ ಕಣ್ಣುರಿ, ಕೆಮ್ಮು, ತಲೆನೋವು. ನೆಲದ ಮೇಲೆ ಅಂಬೆಗಾಲಿಡುವ ಕೂಸಿಗಂತೂ ಇನ್ನೂ ಹೆಚ್ಚು ಅಪಾಯ.

1985ರ ಮಾದಕ ವಸ್ತು ಕಾಯ್ದೆಯಲ್ಲಿ, ಗೊತ್ತಿದ್ದೂ ಜಾಗ ಕೊಟ್ಟ ಮಾಲೀಕನಿಗೆ ಶಿಕ್ಷೆ ಇದೆ. ಗೋಡೆಯನ್ನು ಎಷ್ಟು ತೊಳೆದರೆ ಸಾಕು ಎಂಬ ಅಳತೆ ಇಲ್ಲ.

ಅಮೆರಿಕದ ಕ್ಯಾಲಿಫೋರ್ನಿಯಾ 2005ರಲ್ಲೇ ಇದಕ್ಕೊಂದು ಕಾಯ್ದೆ ಮಾಡಿತು. ಅಲ್ಲಿ ಮೆಥಾಂಫೆಟಮೀನ್ ಎಂಬ ಮಾಲಿನ ಕಾಟ. ಪೊಲೀಸರು ತಿಳಿಸಿದ ಕೂಡಲೇ ಸ್ಥಳೀಯ ಆರೋಗ್ಯಾಧಿಕಾರಿ ಬಂದು ನೋಡುತ್ತಾನೆ. ವಿಷ ಕಂಡರೆ ಬಾಗಿಲಿಗೆ ನೋಟಿಸು. ವಿಷಯ ಆಸ್ತಿಯ ದಾಖಲೆಗೂ ಏರುತ್ತದೆ, ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರದಲ್ಲಿ ಸಾಲ ಕಾಣುವ ಹಾಗೆ. ತೊಳೆಸುವ ಖರ್ಚು ಮಾಲೀಕನದು. ಅದು ಮುಗಿಯುವ ತನಕ ಕೊಳ್ಳುವವನಿಗೂ ಬಾಡಿಗೆಗೆ ಬರುವವನಿಗೂ ಬರಹದಲ್ಲೇ ತಿಳಿಸಬೇಕು. 100 ಚದರ ಸೆಂಟಿಮೀಟರ್ ಗೋಡೆಯಲ್ಲಿ 1.5 ಮೈಕ್ರೋಗ್ರಾಂಗಿಂತ ಹೆಚ್ಚು ಉಳಿಯಕೂಡದು.

ನಮ್ಮಲ್ಲೂ ಒಂದು ದಾರಿ ತೆರೆದಿದೆ. ಅದೇ 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಸ್ಥಳಗಳ ನಿಯಮ ಹೊರಡಿಸಿತು. ಶಂಕೆ ಇರುವ ಜಾಗಗಳ ಪಟ್ಟಿಯನ್ನು ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಬೇಕು. ಸಾರ್ವಜನಿಕರೂ ದೂರು ಕೊಡಬಹುದು. ಆದರೆ ಆ ನಿಯಮದ ಕಣ್ಣು ಹೆಚ್ಚಾಗಿ ನೆಲ ಮತ್ತು ಅಂತರ್ಜಲದ ಮೇಲಿದೆ. ಬಾಡಿಗೆ ಮಳಿಗೆಯ ನಾಲ್ಕು ಗೋಡೆ ನೋಡಿಕೊಳ್ಳಬೇಕಾದ್ದು ಪಾಲಿಕೆ.

ಪಾಲಿಕೆ ಮಾಡಬೇಕಾದ್ದು ಇಷ್ಟೇ: ದಾಳಿಯಾದ ಕಟ್ಟಡದ ವಿಷಯ ಪೊಲೀಸರಿಂದ ಲಿಖಿತವಾಗಿ ತರಿಸಿಕೊಳ್ಳಲಿ, ಶುಚಿಯಾಗಿದೆ ಎಂಬ ವರದಿ ಬರುವ ತನಕ ಆ ವಿಳಾಸಕ್ಕೆ ವ್ಯಾಪಾರದ ಲೈಸೆನ್ಸ್ ಕೊಡದಿರಲಿ. ಇದಕ್ಕೆ ದಿಲ್ಲಿಯ ಅಪ್ಪಣೆಗೆ ಕಾಯುತ್ತಾ ಕೂತರೆ, ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಗುತ್ತದೆ.

ಅಲ್ಲಿಯವರೆಗೆ ವ್ಯಾಪಾರಸ್ಥರು ಹುಷಾರಾಗಿರಬೇಕು. ಶೆಡ್ಡು, ಗೋಡೌನು ಹಿಡಿಯುವ ಮುಂಚೆ ಹಿಂದೆ ಯಾರಿದ್ದರು ಎಂದು ಅಕ್ಕಪಕ್ಕ ವಿಚಾರಿಸಿ. ಬಾಗಿಲು ತೆರೆದ ಕೂಡಲೇ ಘಾಟು ಬಡಿದರೆ, ಬಚ್ಚಲು ಬಣ್ಣಗೆಟ್ಟಿದ್ದರೆ ಅಡ್ವಾನ್ಸನ್ನು ಜೇಬಲ್ಲೇ ಇಟ್ಟುಕೊಳ್ಳಿ.