ಹಿತ್ತಲ ಹೂವು, ಸೆರಗಿನ ಕಸೂತಿ

ನಸುಕಿನಲ್ಲಿ ಪೂಜೆಗೆ ಹೂ-ಪತ್ರೆ ತರಲು ಹಿತ್ತಲಿಗೆ ಹೋಗುವುದು ನಮ್ಮ ಮನೆಗಳ ನಿತ್ಯದ ಕ್ರಮ. ಬುಟ್ಟಿ ತುಂಬಿದೊಡನೆ ಹಿಂದಿರುಗುತ್ತೇವೆ. ಒಂದು ಹೂವನ್ನಾದರೂ ನಿಂತು ನೋಡಿರುತ್ತೇವೆಯೇ? ಧಾರವಾಡ ಸೀಮೆಯ ಹಿರಿಯ ತಾಯಂದಿರು ನೋಡಿದ್ದರು ಎಂಬುದಕ್ಕೆ ಇಳಕಲ್ ಸೀರೆಯ ಮೇಲಿನ ಕಸೂತಿಯೇ ಸಾಕ್ಷಿ.

ತಾವರೆ, ಗಿಳಿ, ನವಿಲುಗಳು ಅಲ್ಲಿ ದಾರವಾಗಿ ನಿಂತಿವೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿ ಕೊನೆಯದು ಮೆಂತೆಕಾಳಿನ ಹೆಸರನ್ನೇ ಹೊತ್ತಿದೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರ ಬರೆದುಕೊಳ್ಳುವ ರೂಢಿಯಿಲ್ಲ. ಎಳೆಗಳನ್ನು ಎಣಿಸುತ್ತ ಸೂಜಿ ನಡೆಸಬೇಕು. ಗಂಟು ಹಾಕುವಂತಿಲ್ಲ. ನೇರ, ಅಡ್ಡ, ಓರೆ ಗೆರೆಗಳಿಂದಲೇ ದುಂಡನೆಯ ಎಸಳು ಮೆಟ್ಟಿಲು ಮೆಟ್ಟಿಲಾಗಿ ಮೂಡಬೇಕು. ಹೂವಿನ ಕಟ್ಟನ್ನು ಚೆನ್ನಾಗಿ ಬಲ್ಲ ಕಣ್ಣಿಗೆ ಮಾತ್ರ ಇದು ಸಾಧ್ಯ.

ಈಚೆಗೆ ನಮ್ಮ ಮನೆಯ ಮಗಳು ಕಸೂತಿ ಕಲಿಯಲೆಂದು ಫೋನಿನಲ್ಲಿ ವಿನ್ಯಾಸ ಹುಡುಕುತ್ತಿದ್ದಳು. ಅವಳ ಕೈಗೆ ಒಂದು ನಂದಿಬಟ್ಟಲು ಹೂವನ್ನಿತ್ತೆವು. “ಐದೇ ಎಸಳು! ಎಲ್ಲವೂ ಒಂದೇ ಕಡೆಗೆ ತಿರುಗಿವೆ” ಎಂದು ಬೆರಗಾದಳು. ನಾಚಿಕೆಯ ಮಾತೆಂದರೆ, ಇಷ್ಟು ವರ್ಷ ಅದನ್ನು ಕೊಯ್ದ ನಾವೂ ಎಣಿಸಿರಲಿಲ್ಲ. ಐದು ಎಸಳನ್ನು ಚೌಕಳಿ ಹಾಳೆಗೆ ಹೊಂದಿಸುವುದು ಸುಲಭವಲ್ಲ. ಮೂರು ಸಲ ಕೆಡಿಸಿದಳು. ನಾಲ್ಕನೆಯದೂ ತುಸು ಸೊಟ್ಟಗೇ ಇದೆ. ಆದರೆ ಅದು ಅವಳದೇ ಹೂವು.

ಸಿದ್ಧ ವಿನ್ಯಾಸದಲ್ಲಿ ಎಣಿಕೆಯನ್ನು ಬೇರೆಯವರು ಮುಗಿಸಿಟ್ಟಿರುತ್ತಾರೆ. ನೋಡುವ ಅಭ್ಯಾಸ ನಮಗೆ ತಪ್ಪಿಹೋಗುತ್ತದೆ. ತಾಯಂದಿರೇ, ಮಕ್ಕಳ ಕೈಗೆ ಸೂಜಿ ಕೊಡುವ ಮುನ್ನ ಹಿತ್ತಲ ಹೂವೊಂದನ್ನು ಕೊಡಿರಿ. ಮೊದಲು ಎಣಿಸಲಿ, ಅನಂತರ ಹೊಲಿಯಲಿ.