ಎಳೆದರೆ ಸಾಲದು, ತಡೆಯಲೂ ಬೇಕು

ಕಾಫಿಯಾಗಲಿ ಅಡಿಕೆಯಾಗಲಿ, ಮೂಟೆ ಸಾಗಿಸುವ ದಿನ ಬಂತೆಂದರೆ ನಮ್ಮ ಬೆಳೆಗಾರರ ಬಾಯಲ್ಲಿ ಒಂದೇ ಮಾತು: ‘ನಮ್ಮ ಟ್ರ್ಯಾಕ್ಟರ್ ಎಷ್ಟು ಹೇರಿದರೂ ಎಳೆಯುತ್ತದೆ.’ ಎಳೆಯುತ್ತದೆ, ನಿಜ. ಇಳಿಜಾರಿನಲ್ಲಿ ತಡೆದು ನಿಲ್ಲಿಸುತ್ತದೆಯೇ ಎಂದು ಕೇಳುವವರು ಕಡಿಮೆ.

50 ಕಿಲೋದ 60 ಮೂಟೆ ಕಾಫಿ ಎಂದರೆ 3 ಟನ್. ಖಾಲಿ ಟ್ರೇಲರಿಗೆ 1 ಟನ್ ಹಿಡಿದರೆ ಒಟ್ಟು 4 ಟನ್. ಎಳೆಯುವ ಟ್ರ್ಯಾಕ್ಟರ್ ಸುಮಾರು 2 ಟನ್. ಹತ್ತು ಅಡಿಗೆ ಒಂದು ಅಡಿ ಇಳಿಯುವ ತೋಟದ ದಾರಿಯಲ್ಲಿ ಈ ಹೊರೆ ಸುಮಾರು 400 ಕಿಲೋ ಬಲದಿಂದ ಟ್ರ್ಯಾಕ್ಟರನ್ನು ಹಿಂದಿನಿಂದ ನೂಕುತ್ತದೆ. ಟ್ರೇಲರಿಗೆ ಸ್ವಂತ ಬ್ರೇಕ್ ಇಲ್ಲದೆ, ಮೇಲಿಂದ ಒಂದು ಹೂಮಳೆಯೂ ಬಿದ್ದಿದ್ದರೆ, ತಿರುವಿನಲ್ಲಿ ಟ್ರ್ಯಾಕ್ಟರ್ ಅಡ್ಡ ತಿರುಗಲು ಅಷ್ಟು ಸಾಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಜಾಣರೂ ನಮ್ಮಲ್ಲಿದ್ದಾರೆ! ಏರುವ ಗೇರಿನಲ್ಲೇ ಇಳಿಯಬೇಕು. ಎಡ ಬಲದ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಜೋಡಿಸಿರಬೇಕು. ಎರಡು ಚಕ್ರದ ಟ್ರೇಲರಾದರೆ ಭಾರ ಅಚ್ಚಿಗಿಂತ ತುಸು ಮುಂದಕ್ಕಿರಲಿ. ಹಿಂದಕ್ಕೆ ವಾಲಿದರೆ ಟ್ರ್ಯಾಕ್ಟರಿನ ಹಿಂಚಕ್ರ ಹಗುರಾಗಿ ಹಿಡಿತ ತಪ್ಪುತ್ತದೆ.

ಹೊಸ ಟ್ರೇಲರ್ ಕೊಳ್ಳುವ ಸದಸ್ಯರು ಬಣ್ಣ ನೋಡುವ ಮೊದಲು ಬ್ರೇಕ್ ಕೇಳಿ ಪಡೆಯಲಿ. ಇರುವ ಟ್ರೇಲರಿನಲ್ಲೇ ಸಾಗಿಸುವವರು ಎರಡು ಟ್ರಿಪ್ಪು ಮಾಡಲಿ, ಡೀಸೆಲ್ ಹೆಚ್ಚು ಹೋದರೆ ಹೋಗಲಿ ಎಂಬುದು ನಮ್ಮ ಅಭಿಪ್ರಾಯ. ಮೂಟೆಗಳ ಮೇಲೆ ಆಳುಗಳನ್ನು ಕೂರಿಸಿ ಕಳಿಸುವ ರೂಢಿಯಂತೂ ಈ ಕೊಯ್ಲಿನಿಂದಲೇ ನಿಲ್ಲಬೇಕು.